ಕಾಗೆಗಿಟ್ಟ ಎಡೆ

ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದ ಗಣಪತಿಯವರು ಮಧ್ಯಾಹ್ನ ಎರಡಾದರೂ ಊಟ ಮಾಡಿರಲಿಲ್ಲ. ಕಾಗೆ ಬರದೆ ಮಾಡುವುದೂ ಇಲ್ಲವೆಂದು, ಅಮೆರಿಕದ ಪಿಸ್ಕಾಟವೇ ಊರಿನ ಮನೆಯ ಹಿಂಬಾಗಿಲ ಗಾಜಿನೆದುರು ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದರು.

ಅವತ್ತು ಅವರ ತಂದೆಯ ತಿಥಿ. ಶಾಸ್ತ್ರವೆಲ್ಲ ದೇವಸ್ಥಾನದಲ್ಲಿ ಮುಗಿದಿತ್ತು. ಮನೆಗೆ ಬಂದು ಹಿತ್ತಲಿನ ಮರದ ಜಗಲಿಯ, ಅಂದರೆ ಡೆಕ್ಕಿನ, ಮೇಲೆ ಬಾಳೆಲೆಯ ತುಂಡಿನಲ್ಲಿ ಅನ್ನ, ವಡೆ, ಪಾಯಸ, ಎಳ್ಳುಂಡೆ ಇಟ್ಟಿದ್ದರು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ಆಮೇಲೆ ಮನೆಯವರ ಊಟ.

"ರೀ, ಕೈ ನಡುಗ್ತಿದೆ ನಿಮ್ಗೆ. ಒಂದು ಬಾಳೆಹಣ್ಣಾದ್ರೂ ತಿನ್ನಿ," ಎಂದರು ಹೆಂಡತಿ ಭಾನುಮತಿ.

"ಅಪ್ಪ ಮೊದಲು ಊಟ ಮಾಡ್ಲಿ, ಭಾನು."

"ಮಾವನವ್ರು ಯಾವತ್ತು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದಿದ್ರು?"

ಅದು ನಿಜ. ಮೈಸೂರಿನ ಮನೆಯಲ್ಲಿ ಎಲೆ ಹಾಕಿದ ಮೇಲೇ ಮಾವನವರಿಗೆ ಬೀದಿಯ ನೆನಪಾಗುತ್ತಿತ್ತು. ಹೋಗಿ, ಸಿಕ್ಕವರನ್ನು ಕೈಹಿಡಿದು ಕರೆತರುತ್ತಿದ್ದರು. ಕೊಡೆ ರಿಪೇರಿಯವನು, ವಿಮೆ ಏಜೆಂಟು, ಒಮ್ಮೆ ಮದುವೆ ಮನೆ ಹುಡುಕುತ್ತ ದಾರಿ ತಪ್ಪಿದ ಓಲಗದವರು. ಅವರಿಗೆ ಮೊದಲು ಬಡಿಸಬೇಕು, ವಡೆಯೂ ಅವರಿಗೇ ಮೊದಲು. ತಾನು ಎಂಎ ಓದಿದ್ದು ದಿನಾ ಎರಡನೇ ಸಲ ಅನ್ನಕ್ಕಿಡುವುದಕ್ಕೇನೋ ಎಂದು ಹೊಸ ಸೊಸೆ ಭಾನುಮತಿಗೆ ಅನ್ನಿಸುತ್ತಿತ್ತು.

ಈಗ ಭಾನುಮತಿಗೆ ಗಂಡನ ಊಟದ ಚಿಂತೆಯ ಜೊತೆ ಇನ್ನೊಂದು ಹೆದರಿಕೆಯೂ ಇತ್ತು. ವಾರದಿಂದ ಬಡಾವಣೆಯಲ್ಲಿ ಒಂದು ಕಯೋಟಿ ಓಡಾಡುತ್ತಿತ್ತು. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಹೊರಗೆ ತಿನ್ನುವ ಪದಾರ್ಥ ಇಡಬೇಡಿ, ಕಂಡರೆ ಸದ್ದು ಮಾಡಿ ಓಡಿಸಿ ಎಂಬ ಸೂಚನೆಯನ್ನು ಪಕ್ಕದ ಮನೆಯ ಮುದುಕ ಟೋನಿ ತಂದುಕೊಟ್ಟಿದ್ದ. ಅಂದಿನಿಂದ ಭಾನುಮತಿ ಕಸದ ಡಬ್ಬಿಯನ್ನು ರಸ್ತೆಗೆ ಎಳೆಯುವ ಹೊತ್ತಿಗೆ ಟೋನಿಗೂ ಹೊರಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಅವರು ಒಳಗೆ ಹೋಗುವವರೆಗೆ ಅದು ಮುಗಿಯುತ್ತಲೂ ಇರಲಿಲ್ಲ.

ಮೊಮ್ಮಗಳು ಇಶಾ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. "ತಾತ, ಐ ಹ್ಯಾವ್ ಆ್ಯನ್ ಐಡಿಯಾ," ಎಂದು ಫೋನಿನಲ್ಲಿ ಕಾಗೆಯ ಕೂಗು ಹುಡುಕಿ, ಬಾಗಿಲು ಸರಿಸಿ ಹೊರಗೆ ಚಾಚಿದಳು. ಕಾಗೆಗಿಂತ ಮೊದಲು ಇನ್ಶೂರೆನ್ಸ್ ಜಾಹೀರಾತು ಬಂತು.

"ಬೇಡಮ್ಮ, ನಮ್ಮಪ್ಪನಿಗೆ ಇನ್ನು ಅದರಿಂದ ಪ್ರಯೋಜನ ಇಲ್ಲ," ಎಂದರು ಗಣಪತಿ.

ಆಮೇಲೆ ಕಾ ಕಾ ಎಂದಿತು. ಕಾಗೆ ಬರಲಿಲ್ಲ. ಬೇಲಿಯ ಸಂದಿನಿಂದ ಕಯೋಟಿ ಬಂತು.

ಕರೆದವರ ಮನೆಗೆ ಬಂದ ಹಾಗೆ ಡೆಕ್ ಹತ್ತಿತು. ಎಲೆಯನ್ನೊಮ್ಮೆ ಮೂಸಿ, ಅನ್ನ ಬಿಟ್ಟು, ವಡೆಯೊಂದನ್ನು ಕಚ್ಚಿಕೊಂಡು ಇಳಿದು ಹುಲ್ಲಿನ ಮೇಲೆ ಕೂತಿತು.

"ಅಯ್ಯೋ, ಅಪ್ಪನ ವಡೆ!" ಎಂದು ಗಣಪತಿ ಏಳಹೋಗಿ, ತಲೆ ತಿರುಗಿ, ಮತ್ತೆ ಕೂತರು.

ಅಷ್ಟರಲ್ಲಿ ಓಕ್ ಮರದಲ್ಲಿ ಒಂದು ಕಾಗೆ ಕೂಗಿತು. ಹಿಂದೆಯೇ ಇನ್ನೊಂದು. ನೋಡನೋಡುತ್ತ ಬೀದಿಯ ಕಾಗೆಗಳೆಲ್ಲ ಸೇರಿ ಕಯೋಟಿಯ ತಲೆಯ ಮೇಲೆ ಎರಗತೊಡಗಿದವು. ಅದು ವಡೆ ಬಿಡಲಿಲ್ಲ. ಒಂದು ಕಾಗೆ ಮಾತ್ರ ಜಗಳ ಬಿಟ್ಟು ಡೆಕ್ಕಿನ ಕಟಕಟೆಯ ಮೇಲೆ ಕೂತು, ಕತ್ತು ಓರೆ ಮಾಡಿ ಎಲೆ ನೋಡಿತು.

ಅದೇ ಗಳಿಗೆಗೆ ಬೇಲಿಯಾಚೆ ಟೋನಿ ಕಾಣಿಸಿಕೊಂಡ. ಒಂದು ಕೈಯಲ್ಲಿ ಪಾತ್ರೆಯ ಮುಚ್ಚಳ, ಇನ್ನೊಂದರಲ್ಲಿ ಸೌಟು. ಬಾರಿಸಿದರೆ ಕಯೋಟಿಯ ಜೊತೆ ಕಾಗೆಯೂ ಹೋಯಿತು. ಕಾಗೆ ಹೋದರೆ ಗಂಡನ ಊಟವೂ ಹೋಯಿತು.

ಕಸದ ಡಬ್ಬಿಗೂ ಹೊರಬರಲು ಅಂಜುತ್ತಿದ್ದ ಭಾನುಮತಿ ಬಾಗಿಲು ತಳ್ಳಿ ಡೆಕ್ಕಿಗೇ ಬಂದುಬಿಟ್ಟರು. ಕೈಯೆತ್ತಿ ಪಿಸುಗುಟ್ಟಿದರು: "ಟೋನಿ, ಪ್ಲೀಸ್, ಬೇಡ! ಅದು ಇವರ ತಂದೆಯ ಊಟ!"

ಟೋನಿ ಹುಲ್ಲಿನ ಮೇಲೆ ಕೂತಿದ್ದ ಕಯೋಟಿಯನ್ನು ದಿಟ್ಟಿಸಿದ. "ಅದು ಅವರ ತಂದೆಯೇ?"

"ಅಲ್ಲ, ಅಲ್ಲ! ಕಾಗೆ, ಕಾಗೆ!"

ಟೋನಿ ಮತ್ತೇನೂ ಕೇಳಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತ.

ಕಾಗೆ ಇಳಿಯಿತು. ಅನ್ನ ಕುಕ್ಕಿತು, ಪಾಯಸಕ್ಕೆ ಕೊಕ್ಕು ಅದ್ದಿತು, ಎಳ್ಳುಂಡೆ ಎತ್ತಿಕೊಂಡು ಹಾರಿತು. ಕಯೋಟಿಯೂ ಬಾಯಿ ನೆಕ್ಕಿಕೊಂಡು, ಅವಸರವಿಲ್ಲದೆ ಬೇಲಿ ನುಸುಳಿತು. ಭಾನುಮತಿ ಮಿಕ್ಕ ಎಲೆಯನ್ನು ಮಡಿಸಿಕೊಂಡು ಒಳಗೆ ಓಡಿದರು.

"ಈಗ ಏಳಿ, ಊಟಕ್ಕೆ."

ಗಣಪತಿ ಏಳಲಿಲ್ಲ. ಮುಖ ಸಪ್ಪಗಿತ್ತು. "ಕಾಗೆ ಮುಟ್ಟೋಕ್ ಮುಂಚೆ ಅದು ಬಾಯಿ ಹಾಕ್ತಲ್ಲ, ಭಾನು. ಅಪ್ಪನಿಗೆ ಎಂಜಲು ಇಟ್ಟ ಹಾಗಾಯ್ತು."

ಭಾನುಮತಿ ಗಂಡನ ಎದುರು ಬಂದು ನಿಂತರು. "ನಿಮ್ಮಪ್ಪ ಯಾವತ್ತು ಒಬ್ರೇ ಊಟಕ್ಕೆ ಬಂದಿದ್ರು, ಹೇಳಿ? ದಾರೀಲಿ ಸಿಕ್ಕಿದ್ದನ್ನ ಕರ್ಕೊಂಡು ಬಂದಿದಾರೆ. ವಡೆ ಮೊದಲು ಯಾರಿಗೆ ಬಡಿಸ್ತಿದ್ರು?"

ಗಣಪತಿಯವರ ಹೊಟ್ಟೆ ನಗುವಿಗೆ ಕುಲುಕತೊಡಗಿತು. "ಓಲಗದವ್ರಿಗಿಂತ ಇದೇ ವಾಸಿ ಕಣೇ. ಒಂದೇ ವಡೆಗೆ ಎದ್ದುಹೋಯ್ತು!" ಎಂದು ನಗುತ್ತಲೇ ಇಶಾಳ ಭುಜ ಹಿಡಿದು ಎದ್ದು, ಊಟಕ್ಕೆ ಕೂತರು. ಮೊದಲ ತುತ್ತು ಗಂಟಲಿಳಿದ ಮೇಲೆ ಭಾನುಮತಿ ಉಸಿರುಬಿಟ್ಟರು.

ಹೊರಗೆ ಟೋನಿ ಇನ್ನೂ ಟೋಪಿ ಹಿಡಿದೇ ನಿಂತಿದ್ದ. ಹಾಕಿಕೊಳ್ಳಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಇಶಾ, ಅವ್ರನ್ನ ಊಟಕ್ಕೆ ಕರಿ," ಎಂದರು ಭಾನುಮತಿ.

ಆಮೇಲೆ ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಮಾವನವರನ್ನು ಮನಸ್ಸಿನಲ್ಲೇ ಒಂದು ಮಾತು ಬೈದು, ಮತ್ತೆ ಅನ್ನಕ್ಕಿಟ್ಟರು.