ಅಂಪೈರಿಗೆ ಮನೆಯಿಲ್ಲ

ಎಡಗಾಲಿಗೆ ಶೂ ಹತ್ತುತ್ತಿರಲಿಲ್ಲ. ಮಗಳು ನೆಲಕ್ಕೆ ಮಂಡಿಯೂರಿ, ತಣ್ಣಗಿದ್ದ ಹಿಮ್ಮಡಿಯನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಬಿಳಿ ಕ್ಯಾನ್ವಾಸ್ ಶೂವನ್ನು ತಳ್ಳುತ್ತಿದ್ದಳು.

"ಬಲವಂತ ಮಾಡ್ಬೇಡ್ವೇ," ಎಂದಳು ಚಿಕ್ಕಮ್ಮ. "ಕಾಲು ಊದಿಕೊಂಡಿದೆ. ಬರಿಗಾಲಲ್ಲೇ ಹೋಗ್ಲಿ ಬಿಡು."

"ಅಮ್ಮ ಬರಿಗಾಲಲ್ಲಿ ಬಾಗಿಲಾಚೆಗೂ ಇಳಿದೋಳಲ್ಲ."

ಹೊಲಿಗೆಯಂತ್ರದ ಸ್ಟೂಲಿನ ಮೇಲೆ ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಅಪ್ಪ ಎದ್ದ. ದೊಡ್ಡ ಕತ್ತರಿ ತೆಗೆದುಕೊಂಡು, ಯಾರನ್ನೂ ಕೇಳದೆ ಶೂವಿನ ಹಿಂಬದಿಯ ಹೊಲಿಗೆಯನ್ನು ಮೇಲಿನಿಂದ ಕೆಳಗೆ ಬಿಚ್ಚಿದ. ಮೈ ಬಂದ ಗಿರಾಕಿಯ ಕೋಟು ಸಡಿಲಿಸುವಾಗ ಬಿಚ್ಚುವಷ್ಟೇ ನಾಜೂಕಾಗಿ. ಪಾದ ಸಲೀಸಾಗಿ ಒಳಗೆ ಹೋಯಿತು.

"ಹಿಂದೆ ಹರಿದಿರೋದು ಯಾರಿಗೂ ಕಾಣಲ್ಲ," ಎಂದ. "ಮಲಗೇ ಇರ್ತಾಳಲ್ಲ."

ಮಗಳು ಲೇಸು ಕಟ್ಟಿದಳು. ನಿನ್ನೆ, ಶನಿವಾರ ಬೆಳಿಗ್ಗೆ, ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದಾಗಲೇ ಅಮ್ಮ ಕುಸಿದಿದ್ದಳು. ಶೂವಿನ ತುದಿಯಲ್ಲಿ ಸುಣ್ಣ ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸಲು ಚಿಕ್ಕಮ್ಮ ಬಟ್ಟೆ ಹುಡುಕಿದಳು, ಸಿಗಲಿಲ್ಲ. ದರ್ಜಿಯ ಮನೆಯಲ್ಲಿ ಒಂದು ಚಿಂದಿ ಸಿಗಲಿಲ್ಲ.

*

ಪ್ರಾಥಮಿಕ ಶಾಲೆಯ ಆಟದ ಟೀಚರು ಅಮ್ಮ. ಊರಿಗೆಲ್ಲ ಸೀಟಿ ಟೀಚರ್. ಶನಿವಾರದ ಆಟಕ್ಕೆ ಆಕೆಯದೇ ಒಂದು ಕಾನೂನಿತ್ತು: ಪ್ರತಿ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಬರಬೇಕು, ಓಡಬೇಕು. ಮಗುವೇ ನಾಯಕ, ದೊಡ್ಡವರು ಅದು ಹೇಳಿದಂತೆ ಕೇಳಬೇಕು. ಮನೆಯಿಂದ ಯಾರೂ ಬಾರದ ಮಗು ಗೆರೆಯ ಹೊರಗೆ ನಿಂತು ಚೆಂಡಿನ ಚೀಲ ಕಾಯಬೇಕು. ಮುಂದಿನ ವಾರ ಆ ಮಗು ಮನೆಯಲ್ಲಿ ರಂಪ ಮಾಡುತ್ತಿತ್ತು, ಯಾರಾದರೊಬ್ಬರು ಗೊಣಗುತ್ತ ಬರುತ್ತಿದ್ದರು. ಕಾನೂನಿನ ಗುಟ್ಟೇ ಅದು.

ಮಗಳು ಎರಡನೇ ತರಗತಿಗೆ ಬಂದ ವರ್ಷ ಅಮ್ಮ ಸಾಲಿನ ಮುಂದೆ ನಡೆದು ಬಂದು, ಗುರುತೇ ಇಲ್ಲದವಳಂತೆ ಅವಳ ಮುಂದೆ ನಿಂತಳು.

"ನಿಮ್ಮನೆಯಿಂದ ಯಾರು?"

"ನೀವೇ ಇದ್ದೀರಲ್ಲ, ಟೀಚರ್."

ಮಕ್ಕಳು ಗೊಳ್ಳೆಂದರು. ಅಮ್ಮ ನಗಲಿಲ್ಲ. "ನಾನು ಅಂಪೈರು. ಅಂಪೈರಿಗೆ ಮನೆಯಿಲ್ಲ. ಚೀಲ ತಗೋ."

ಸಂಜೆ ಅವಳೂ ಮನೆಯಲ್ಲಿ ರಂಪ ಮಾಡಿದಳು. ಅಪ್ಪ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ. "ನನ್ನ ಹೆಂಡ್ತಿ ಸೀಟಿ ಊದೋದು, ನಾನು ಚಡ್ಡಿ ಏರಿಸ್ಕೊಂಡು ಓಡೋದು, ಊರೆಲ್ಲ ನೋಡೋದು. ಆಗೋ ಮಾತಾ? ನಿಮ್ಮಮ್ಮಂಗೆ ಹೇಳು, ಮಗಳು ಬೇಕಾದ್ರೆ ಕಾನೂನು ಬಿಡಲಿ."

"ನನ್ನ ಮಗಳಿಗೆ ಅಂತ ಗೆರೆ ಅಳಿಸಿದ್ರೆ," ಎಂದಳು ಅಮ್ಮ ಒಳಗಿನಿಂದ, "ನಾಳೆ ಯಾವ ಮನೆಯೋರೂ ಬರಲ್ಲ. ಮಗಳು ಬೇಕಾದ್ರೆ ನಿಮ್ಮಪ್ಪ ಬರಲಿ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಮನೆಯಲ್ಲಿ ಕೂಸು ದಪ್ಪಗಾಯಿತು. ಆ ಶಾಲೆ ಬಿಡುವ ತನಕ ಅವಳು ಒಂದು ಶನಿವಾರವೂ ಗೆರೆ ದಾಟಲಿಲ್ಲ.

*

ಹೊರಗೆ ಬೀದಿ ತುಂಬಿತ್ತು. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಬೇಕರಿಯವನು ಮೂಗು ಒರೆಸಿಕೊಳ್ಳುತ್ತಿದ್ದ.

"ನನ್ನ ಮಗ ನನಗೇ ಕ್ಯಾಪ್ಟನ್ನು. 'ಅಪ್ಪಾ, ಹೊಟ್ಟೆ ಒಳಗೆ!' ಅಂತ ಕೂಗೋನು. ಒಳಗೆ ಎಲ್ಲಿಗೆ ಹೋಗತ್ತೆ ಅದು? ಆದ್ರೆ ಓಡ್ದೆ ಕಣ್ರೀ. ಡಾಕ್ಟರು ಹೇಳಿದ್ರೆ ಓಡ್ತಿರ್ಲಿಲ್ಲ, ಮಗ ಚೀಲ ಕಾಯ್ತಾನಲ್ಲ ಅಂತ ಓಡ್ದೆ."

"ನಮ್ಮತ್ತೆ ಊರುಗೋಲು ಬಿಸಾಕಿ ಚೆಂಡು ಹಿಡಿದಿದ್ರು," ಎಂದಳು ಲಾಂಡ್ರಿಯವಳು. ಆಮೇಲೆ ದನಿ ತಗ್ಗಿಸಿ, ಆದರೆ ಸಾಕಷ್ಟು ತಗ್ಗಿಸದೆ, "ನ್ಯಾಯ ನೋಡಿ. ಓಡ್ದೋಳು ಹೋದ್ಲು, ಕೂತೋನು ಗುಂಡುಕಲ್ಲಿನ ಹಾಗಿದಾನೆ."

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಕೇಳಿಸಿತು. ಅವನು ಒಳಗೆ ಸರಿದ.

ಮುಖ್ಯೋಪಾಧ್ಯಾಯಿನಿ ಮಗಳನ್ನು ಪಕ್ಕಕ್ಕೆ ಕರೆದರು. "ಈ ಹೊತ್ತಲ್ಲಿ ಹೇಳಬಾರದು. ಆದ್ರೆ ಶನಿವಾರದ ಆ ಹೊತ್ತಿಗೆ ಲೆಕ್ಕದ ಟ್ಯೂಷನ್ ಹಾಕಿ ಅಂತ ಕೆಲವು ಪಾಲಕರು ವರ್ಷದಿಂದ ಬೆನ್ನುಬಿದ್ದಿದ್ದಾರೆ. ಟೀಚರಿಗೆ ಹೆದರಿ ಸುಮ್ನಿದ್ರು. ಇನ್ನು ಸುಮ್ನಿರಲ್ಲ. ನೀವು ನಡೆಸಿಕೊಡ್ತೀರಿ ಅಂದ್ರೆ ನಾನು ತಡೀತೀನಿ."

"ನಾನಾ? ನಾನು ಬಸ್ ನಿಲ್ದಾಣದಲ್ಲಿ ಕೂತು ಟಿಕೆಟ್ ಕೊಡೋಳು, ಮೇಡಂ."

"ಅಯ್ಯೋ, ನಿಂಗೆ ಗೊತ್ತಿಲ್ದಿರೋ ಆಟ ಯಾವುದಿದೆ?" ಬೇಕರಿಯವನು ನಡುವೆ ಬಾಯಿ ಹಾಕಿದ. "ಚೀಲ ಹಿಡ್ಕೊಂಡು ಎಲ್ಲಾನೂ ನೋಡ್ತಿದ್ದೆಯಲ್ಲ. ನಿನ್ನಷ್ಟು ನೋಡಿರೋರು ಯಾರಿದಾರೆ?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಮಗಳು ತಲೆ ತಗ್ಗಿಸಿ, "ಎಲ್ಲ ಮುಗೀಲಿ, ಹೇಳ್ತೀನಿ," ಎಂದಳು.

*

ಆ ಶಾಲೆಯ ದಿನಗಳಲ್ಲಿ ಒಂದು ಶನಿವಾರ ದಟ್ಟ ಮಂಜಿತ್ತು. ಮಕ್ಕಳೂ ಬರಲಿಲ್ಲ, ಮನೆಯವರೂ ಬರಲಿಲ್ಲ. ಮೈದಾನದಲ್ಲಿ ಅಮ್ಮ, ಮಗಳು, ಸುಣ್ಣದ ಗೆರೆ. ಇವತ್ತು ನೋಡುವವರಿಲ್ಲ, ಇವತ್ತು ಕರೆಯುತ್ತಾಳೆ ಎಂದುಕೊಂಡಳು ಮಗಳು. ಚೀಲದಿಂದ ಒಂದು ಚೆಂಡನ್ನು ಆಗಲೇ ತೆಗೆದು ಎದೆಗೆ ಒತ್ತಿ ಹಿಡಿದಿದ್ದಳು. ಅಮ್ಮ ಅವಳ ಕಡೆ ತುಂಬ ಹೊತ್ತು ನೋಡಿದಳು. ಸೀಟಿ ತುಟಿಯ ತನಕ ಹೋಯಿತು, ವಾಪಸು ಬಂತು.

"ಇವತ್ತು ಆಟ ಇಲ್ಲ," ಎಂದಳು.

ಮನೆಗೆ ಹೋಗುವಾಗ ಚೀಲವನ್ನು ಅಮ್ಮನೇ ಹೊತ್ತಳು. ಅವಳ ಕತ್ತಿನ ನರ ಉಬ್ಬಿತ್ತು. ಅದು ಭಾರಕ್ಕೋ ಬೇರೆ ಯಾತಕ್ಕೋ ಮಗಳಿಗೆ ತಿಳಿಯಲಿಲ್ಲ.

*

ಮಣ್ಣು ಮುಚ್ಚಿ ಜನ ಚದುರಿದರು. ಸ್ಮಶಾನದ ಗೇಟಿನ ಬಳಿ ಮುಖ್ಯೋಪಾಧ್ಯಾಯಿನಿ ಒಬ್ಬರೇ ನಿಂತು, ಉತ್ತರಕ್ಕಾಗಿ ಕಾಯುತ್ತಿಲ್ಲವೆಂಬಂತೆ ಕೊಡೆ ಮಡಚುತ್ತಿದ್ದರು. ಮಗಳು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಇನ್ನೂ ಏದುಸಿರು ಬಿಡುತ್ತಿದ್ದಳು. ಗೇಟಿನಿಂದ ಇಲ್ಲಿಗೆ ಬರುವ ಏರು ಅವಳಿಗೆ ಹೆಚ್ಚಾಗಿತ್ತು.

ಅಪ್ಪ ಬಂದು ಎದುರು ನಿಂತ.

"ಆ ಮೇಡಂ ನನ್ನ ಹತ್ರಾನೂ ಮಾತಾಡಿದ್ರು. ನೀನು ಹ್ಞೂಂ ಅನ್ನು."

ಅವಳು ಕತ್ತಿನ ಬೆವರು ಒರೆಸಿಕೊಂಡಳು.

"ಟ್ಯೂಷನ್ ಹಾಕ್ಬಿಟ್ರೆ ಮುಗೀತು, ಅವಳು ಮಾಡಿದ್ದೆಲ್ಲ ನೀರಲ್ಲಿ ಹೋಮ. ನೀನು ಆಡಿಸು. ನಾನು ಬರ್ತೀನಿ."

"ಎಲ್ಲಿಗೆ?"

"ಶನಿವಾರ. ನಿನ್ನ ಜೊತೆ. ಮನೆಯಿಂದ ಯಾರು ಅಂತ ಕೇಳಿದ್ರೆ ನಾನಿದೀನಿ. ಗೆರೆ ಒಳಗೆ ನೀನೂ ಬಾ. ನೀನೇ ಕ್ಯಾಪ್ಟನ್ನು, ನೀನು ಹೇಳಿದ ಹಾಗೆ ಕೇಳ್ತೀನಿ. ನನ್ನ ಕೈಲಿ ಆಗಲ್ಲ ಅಂದ್ಕೊಂಡ್ಯಾ? ನೋಡಿಲ್ಲಿ."

ಅವನು ಕೋಟಿನ ಗುಂಡಿ ಬಿಚ್ಚಿದ. ಜಲ್ಲಿಕಲ್ಲಿನ ಹಾದಿಯ ಮೇಲೆ ನಿಂತಲ್ಲೇ ಒಂದು ಮಂಡಿ ಎತ್ತಿದ, ಇಳಿಸಿದ, ಇನ್ನೊಂದು ಎತ್ತಿದ. ಯಂತ್ರ ತುಳಿದು ತುಳಿದು ಸೊಟ್ಟಗಾದ ಕಾಲು ನಡುಗುತ್ತಿತ್ತು. ಮುಖ ಕೆಂಪಾಯಿತು. ಗೇಟಿನ ಬಳಿಯ ಮೇಡಂ ಬೇರೆ ಕಡೆ ತಿರುಗಿದರು. ಅವನು ನಿಲ್ಲಿಸದೆ, ಮಗಳ ಕಣ್ಣನ್ನೇ ನೋಡುತ್ತ, ಅವಳು ಏಳಲೆಂದು ಒಂದು ಕೈ ಮುಂದೆ ಚಾಚಿದ.

ಎರಡನೇ ತರಗತಿಯಲ್ಲಿ ಬೇಕಿದ್ದ ಆ ಕೈಯನ್ನು ಮಗಳು ನೋಡಿದಳು.

"ಬೇಡ," ಎಂದಳು. "ನಾನು ಆಡ್ಸಲ್ಲ. ಕಾಲು ಕೆಳಗಿಡಪ್ಪಾ."