ಒಗೆಯದ ಹಾಸಿಗೆ

ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ಬೆಳಗಿನ ಇಬ್ಬನಿ ಆರಿದ ಮೇಲೆ ಕಣದಲ್ಲಿ ಬಣವೆ ಒಟ್ಟುವ ಕೆಲಸ ಶುರುವಾಗಿತ್ತು. ಕೆಳಗಿನಿಂದ ಹೆಂಗಸರು ಹುಲ್ಲಿನ ಕಟ್ಟು ಎಸೆಯುತ್ತಿದ್ದರು. ಮೇಲೆ ನಿಂತ ಇಬ್ಬರು ಗಂಡಸರು ಅದನ್ನು ಹಿಡಿದು, ತುದಿ ಒಳಗೆ ಮಾಡಿ, ತುಳಿದು ಕೂರಿಸುತ್ತಿದ್ದರು. ಎದೆಯೆತ್ತರಕ್ಕೆ ಬರುವಷ್ಟರಲ್ಲೇ ಬಣವೆ ಒಂದು ಕಡೆಗೆ ವಾಲಿತ್ತು.

"ಇದ್ಯಾಕ್ರೋ ಕುಡಿದು ನಿಂತಂಗಿದೆ?" ಎಂದಳು ಪಕ್ಕದ ಮನೆಯ ಅಜ್ಜಿ.

"ಒಟ್ಟಿದೋರನ್ನ ನೋಡಿ ಕಲಿತಿರ್ಬೇಕು, ಅಜ್ಜಿ," ಎಂದು ಯಾರೋ ಅಂದರು.

ಎಲ್ಲರೂ ನಕ್ಕು, ನಗು ನಿಂತ ಮೇಲೆ ಕಟ್ಟು ಎಸೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳ ಕಡೆ ನೋಡಿದರು. ಸುತ್ತಲಿನ ಹತ್ತು ಹಳ್ಳಿಯಲ್ಲಿ ನೆಟ್ಟಗೆ ಬಣವೆ ಒಟ್ಟುವವನು ಅವಳ ಗಂಡನೊಬ್ಬನೇ. ಜನ ಅವನನ್ನು ಕರೆಯುತ್ತಿದ್ದುದೇ ಬಣವೆಯಪ್ಪ ಎಂದು. ಎರಡು ವರ್ಷದ ಹಿಂದಿನ ಕೊಯ್ಲಿನಲ್ಲಿ ಬಣವೆಯ ನೆತ್ತಿ ಮುಚ್ಚುತ್ತಿದ್ದವನು ಜಾರಿ, ಕೆಳಗೆ ಬಿಚ್ಚಿಟ್ಟಿದ್ದ ಗಾಡಿಯ ನೊಗದ ಮೇಲೆ ಬೆನ್ನಡಿಯಾಗಿ ಬಿದ್ದಿದ್ದ. ಸೊಂಟದಿಂದ ಕೆಳಗೆ ಅವನಿಗೆ ಈಗ ಏನೂ ತಿಳಿಯುವುದಿಲ್ಲ.

ಅವಳು ಕಟ್ಟು ಕೆಳಗಿಟ್ಟು ಸೂರ್ಯನನ್ನು ನೋಡಿದಳು. ಎರಡು ಗಂಟೆಗೊಮ್ಮೆ ಮನೆಗೆ ಓಡಿ ಅವನನ್ನು ಮಗ್ಗುಲು ಬದಲಾಯಿಸಬೇಕು. ಹಾಗೆ ಓಡುವುದಕ್ಕೆ ಕಣದ ಯಜಮಾನ ಅರ್ಧ ಕೂಲಿ ಹಿಡಿಯುತ್ತಿದ್ದ. ಹಿಡಿಯಲಿ. ಎರಡು ವರ್ಷ ಮಲಗಿದ ಮೈಮೇಲೆ ಒಂದು ಹುಣ್ಣೂ ಎದ್ದಿರಲಿಲ್ಲ. ಟ್ಯೂಬು ಬದಲಾಯಿಸಲು ಬರುವ ನರ್ಸಮ್ಮ ಅವನ ಬೆನ್ನು ನೋಡಿ, "ನಮ್ಮ ಆಸ್ಪತ್ರೆಯಲ್ಲೂ ಹಿಂಗೆ ನೋಡ್ಕೊಳ್ಳಲ್ಲ ಕಣಮ್ಮ," ಎಂದಿದ್ದಳು. ಆ ಮಾತನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಕಷ್ಟವಿದ್ದದ್ದು ಆ ಟ್ಯೂಬಿನದೇ. ಮೂತ್ರದ ಟ್ಯೂಬನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು. ದುಡ್ಡಿಲ್ಲದೆ ಅವಳು ಒಂದನ್ನೇ ಮೂರು ತಿಂಗಳು ಎಳೆಯುತ್ತಿದ್ದಳು. ಎರಡು ಸಲ ಜ್ವರ ಬಂದು ಅವನು ಬಡಬಡಿಸಿದ್ದ. ಮೂರನೆಯ ಸಲ ನಂಜು ಮೂತ್ರಪಿಂಡಕ್ಕೆ ಏರಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಮಲಗಿದಲ್ಲೇ ಇರುವವರಿಗೆ ಸರ್ಕಾರ ಆರೈಕೆ ಭತ್ಯೆ ಕೊಡುತ್ತದೆ, ಅರ್ಜಿ ಹಾಕು ಎಂದವಳೂ ಅವಳೇ.

ಮನೆಯ ದಾರಿಯಲ್ಲೇ ಅಂಚೆಯವನು ಸಿಕ್ಕಿದ. ಸೈಕಲ್ಲಿನ ಮೇಲೆ ಒಂದು ಕಾಲು ಊರಿ, ಲಕೋಟೆ ಹರಿದು ತಾನೇ ಓದಿದ. "ಅರ್ಜಿದಾರರು ಸ್ವಚ್ಛವಾಗಿಯೂ ಲವಲವಿಕೆಯಿಂದಲೂ ಇದ್ದಾರೆ. ಆಸರೆಯೊಂದಿಗೆ ಕೂರಬಲ್ಲರು. ಮನೆಯಲ್ಲಿ ಸಾಕಷ್ಟು ಪೀಠೋಪಕರಣಗಳಿವೆ. ನಿರಂತರ ಆರೈಕೆಯ ಅಗತ್ಯ ಕಂಡುಬಂದಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ."

"ಪೀಠೋಪಕರಣ ಅಂದ್ರೆ?"

"ಕುರ್ಚಿ, ಮೇಜು."

ಅವಳಿಗೆ ಅರ್ಥವಾಯಿತು. ಅರ್ಜಿ ಪರಿಶೀಲಿಸಲು ಅಧಿಕಾರಿ ಬರುತ್ತಾರೆ ಎಂದು ತಿಳಿದ ದಿನ ಇಡೀ ಬೀದಿ ಅವಳ ಮನೆಗೆ ಸೇರಿತ್ತು. ದೊಡ್ಡ ಮನುಷ್ಯ ಬಂದಾಗ ನೆಲದ ಮೇಲೆ ಕೂರಿಸಿದರೆ ಬೀದಿಯ ಮರ್ಯಾದೆ ಏನಾದೀತು? ಮೂರು ಮನೆಯಿಂದ ಮೂರು ಕುರ್ಚಿ ಬಂದವು, ಅಜ್ಜಿಯ ಮನೆಯಿಂದ ಮೇಜು, ಅದರ ಮೇಲೆ ಹಾಸಲು ಹೂವಿನ ಬಟ್ಟೆ. ಅವಳು ಗಂಡನಿಗೆ ಗಡ್ಡ ಹೆರೆದು, ಬಿಸಿನೀರಲ್ಲಿ ಮೈ ಒರೆಸಿ, ಮದುವೆಮನೆಗೆ ಹೋಗುವ ಅಂಗಿ ತೊಡಿಸಿ, ಬೆನ್ನಿಗೆ ಐದು ದಿಂಬು ಕೊಟ್ಟು ಕೂರಿಸಿದ್ದಳು. ಅವನು ಬಂದವರ ಜೊತೆ ತಮಾಷೆ ಮಾಡಿ ನಗಿಸಿದ್ದ. ಅಧಿಕಾರಿ ಹೋದ ಮೇಲೆ ಎಲ್ಲರೂ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಹೋಗಿದ್ದರು.

ಕಾಗದದ ವಿಷಯ ಕೇಳಿ ಗಂಡ ನಕ್ಕ. "ನಾನು ಲವಲವಿಕೆಯಿಂದ ಇದೀನಿ ಅಂತ ಸರ್ಕಾರವೇ ಬರ್ಕೊಟ್ಟಿದೆ. ಇದಕ್ಕೊಂದು ಕಟ್ಟು ಹಾಕ್ಸಿ ಗೋಡೆಗೆ ತೂಗುಹಾಕು."

"ಸುಮ್ನಿರಿ," ಎಂದು ಅವಳು ಅವನ ಮಗ್ಗುಲು ಬದಲಾಯಿಸಿದಳು.

ವಕೀಲರ ಕಚೇರಿ ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮೇಲಿತ್ತು. ಮೆಟ್ಟಿಲಿನ ಮೂಲೆಗಳು ಜನ ಉಗುಳಿ ಉಗುಳಿ ಕಂದು ಬಣ್ಣಕ್ಕೆ ತಿರುಗಿದ್ದವು. ಪಕ್ಕದಲ್ಲೇ ಬಾಗಿಲು ಮುರಿದ ಕಕ್ಕಸು. ಅದರ ನಾತ ಕಾಯುವವರ ಬೆಂಚಿನ ಮೇಲೆಯೇ ಬಂದು ಕೂತಂತಿತ್ತು. ವಕೀಲರು ಆ ಬಿಸಿಲಲ್ಲೂ ಕರಿಕೋಟು ಹಾಕಿದ್ದರು. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತ ಕಾಗದ ಓದಿ, ಮುಚ್ಚಳವನ್ನು ಒಮ್ಮೆ ನೋಡಿ, ಪ್ಯಾಂಟಿಗೆ ಒರೆಸಿದರು.

"ಅಮ್ಮ, ನಿಮ್ಮ ಅರ್ಜಿನ ನೀವೇ ಹಾಳು ಮಾಡ್ಕೊಂಡಿದೀರಿ."

"ಅತಿಥಿ ಬರ್ತಾರೆ ಅಂದ್ಮೇಲೆ ಮನೆ ಗುಡಿಸಬಾರದಾ, ವಕೀಲ್ರೇ?"

"ಅವರು ಅತಿಥಿ ಅಲ್ಲ. ಈ ಮನುಷ್ಯನಿಗೆ ಆರೈಕೆ ಬೇಕಾ ಅಂತ ನೋಡೋಕೆ ಬರ್ತಾರೆ. ನೀವು ಚೆನ್ನಾಗಿ ಆರೈಕೆ ಮಾಡಿಟ್ರೆ ಅವರ ಕಣ್ಣಿಗೆ ಏನೂ ಬೀಳಲ್ಲ. ಆರೈಕೆ ನಿಂತಾಗಲೇ ಅದು ಕಾಣೋದು." ಅವರು ಎರಡು ಬೆರಳು ಎತ್ತಿದರು. "ಎರಡು ದಾರಿ ಇದೆ. ಮೇಲಿನ ಮಂಡಳಿಗೆ ಹೋಗಿ, ದೊಡ್ಡ ಡಾಕ್ಟರ ಕೈಲಿ ಸಾಕ್ಷಿ ಹೇಳಿಸಿ ಗೆಲ್ಲಬಹುದು. ಎರಡು ವರ್ಷ ಹಿಡಿಯುತ್ತೆ. ಇಲ್ಲಾ, ಮತ್ತೊಮ್ಮೆ ಪರಿಶೀಲನೆ ಮಾಡಿ ಅಂತ ನಾನು ಬರ್ಕೊಡ್ತೀನಿ. ಹದಿನೈದು ದಿನದಲ್ಲಿ ಬರ್ತಾರೆ. ಆಗ ಕುರ್ಚಿ ಬೇಡ. ಗಡ್ಡ ಹೆರೀಬೇಡಿ. ಬರೋದಕ್ಕೆ ಎರಡು ದಿನ ಮುಂಚಿಂದ ಮೈ ಒರೆಸ್ಬೇಡಿ, ಹಾಸಿಗೆ ಒಗೀಬೇಡಿ. ಮೂತ್ರದ ಚೀಲ ತುಂಬಿ ಸೋರಿದ್ರೆ ಸೋರ್ಲಿ."

"ಇದು ಸುಳ್ಳಲ್ವಾ?"

"ಸುಳ್ಳು ಹೇಳಿ ಅಂತ ನಾನು ಯಾವತ್ತೂ ಯಾರಿಗೂ ಹೇಳಿಲ್ಲಮ್ಮ. ಏನೂ ಮಾಡ್ಬೇಡಿ ಅಂತಿದೀನಿ, ಅಷ್ಟೇ. ನನ್ನ ಫೀಸು ಈಗ ಬೇಡ. ಆದೇಶ ಆದ್ಮೇಲೆ ಮೊದಲ ತಿಂಗಳ ಭತ್ಯೆ ನಂದು. ಆಗದಿದ್ರೆ ಒಂದು ಕಾಸೂ ಬೇಡ."

ಎರಡು ವರ್ಷ ಟ್ಯೂಬು ಕಾಯುವುದಿಲ್ಲ. ಅವಳು ಹೆಬ್ಬೆಟ್ಟು ಒತ್ತದೆ, ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಸೋಮವಾರ ಬರುತ್ತಾರೆಂದು ತಿಳುವಳಿಕೆ ಬಂತು. ಗಂಡನಿಗೆ ಹೇಳುವಾಗ ಅವಳು ಒಲೆಯ ಕಡೆ ತಿರುಗಿ ಹೇಳಿದಳು. ಅವನು, "ಎರಡು ದಿನ ತಾನೇ. ಕೊಟ್ಟಿಗೆಯಲ್ಲಿ ಎಮ್ಮೆ ಪಕ್ಕ ಮಲಗಿದೋನು ನಾನು," ಎಂದ. "ಆಮೇಲೆ ಎಮ್ಮೆನೇ ಬೇರೆ ಕಡೆ ಎದ್ದು ಹೋಯ್ತು, ಅದು ಬೇರೆ ಮಾತು."

ಶನಿವಾರ ಸಂಜೆ ಅವಳು ಬಿಸಿನೀರು ಕಾಯಿಸಲಿಲ್ಲ. ಭಾನುವಾರ ಹಾಸಿಗೆಯ ಬಟ್ಟೆ ಎಳೆಯಲು ಕೈ ತಾನಾಗಿ ಹೋಯಿತು, ಹಿಂದಕ್ಕೆ ತೆಗೆದುಕೊಂಡಳು. ಸಂಜೆಗೆ ಚೀಲ ತುಂಬಿ ಹಳೆಯ ಟ್ಯೂಬಿನ ಪಕ್ಕದಿಂದ ಒಸರತೊಡಗಿತು. ಸೋಮವಾರ ಬೆಳಗ್ಗೆ ನೊಣಗಳು ಬಂದವು. ಎರಡು ವರ್ಷ ಆ ಮನೆಗೆ ದಾರಿ ಗೊತ್ತಿರದ ನೊಣಗಳು ಈಗ ಅವನ ತೊಡೆಯ ಮೇಲೆ, ಹಳದಿಯಾದ ಬಟ್ಟೆಯ ಮೇಲೆ ಸಾಲಾಗಿ ಕೂತವು. ಅವನಿಗೆ ತಿಳಿಯದ ಜಾಗದಲ್ಲಿ ಕೂತಿದ್ದರಿಂದ ಅವನು ಓಡಿಸಲಿಲ್ಲ. ಅವಳು ಓಡಿಸಿದಳು. ಓಡಿಸುವುದೂ ಆರೈಕೆಯೇ ಇರಬಹುದು ಎನ್ನಿಸಿ ಬೀಸಣಿಗೆ ಕೆಳಗಿಟ್ಟಳು.

ಸೋಮವಾರ ಅಧಿಕಾರಿ ಬರಲಿಲ್ಲ. ಸಂಜೆ ಅಜ್ಜಿಯ ಮನೆಯಿಂದ ವಕೀಲರಿಗೆ ಫೋನು ಮಾಡಿದಳು. "ನಾಳೆ ಇಲ್ಲಾ ನಾಡಿದ್ದು ಬರ್ತಾರಂತೆ. ಹಾಗೇ ಇರ್ಲಿ," ಎಂದರು ವಕೀಲರು.

ಫೋನು ಇಟ್ಟಾಗ ಅಜ್ಜಿ ಮೂಗು ಅರಳಿಸಿ, "ನಮ್ಮ ಬೀದೀಲಿ ಯಾರ ಮನೇಲೋ ಇಲಿ ಸತ್ತಂಗಿದೆ. ನಿಂಗೂ ವಾಸನೆ ಬಂತಾ?" ಎಂದು ಕೇಳಿದಳು.

"ಹುಡುಕ್ತೀನಿ ಅಜ್ಜಿ," ಎಂದು ಅವಳು ಹೊರಬಿದ್ದಳು.

ಮಂಗಳವಾರ ಅಂಗಳದಲ್ಲಿ ಒಲೆ ಹೂಡಿ ಅಡುಗೆ ಮಾಡಿದರೂ ತಟ್ಟೆಯೊಳಗೂ ಅದೇ ನಾತ. ರಾತ್ರಿಗೆ ಅವಳು ಹಂಡೆ ಎತ್ತಿಕೊಂಡಳು. "ನನ್ನ ಕೈಲಾಗಲ್ಲ. ತೊಳೆದುಬಿಡ್ತೀನಿ."

"ಇಷ್ಟು ದಿನ ಕೊಳೆತದ್ದು ದಂಡ ಆಗುತ್ತೆ ಕಣೆ," ಎಂದ ಅವನು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇನ್ನೊಂದು ದಿನ. ನನಗೆ ಮೂಗು ಒಂದೇ ಗೊತ್ತಾಗೋದು. ಮಿಕ್ಕಿದ್ದೇನೂ ಗೊತ್ತಾಗಲ್ಲ."

ಅವಳು ಹಂಡೆ ಕೆಳಗಿಟ್ಟಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆದರೆ ಒದ್ದೆಯಿಂದ ಎತ್ತಿ ಒದ್ದೆಗೇ ಹೊರಳಿಸುವುದಾಗಿತ್ತು. ಹೊರಳಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಬುಧವಾರ ಹನ್ನೊಂದಕ್ಕೆ ಅದೇ ಅಧಿಕಾರಿ ಬಂದ. ಹೊಸ್ತಿಲು ದಾಟಲಿಲ್ಲ. ಕರವಸ್ತ್ರ ಮೂಗಿಗೆ ಒತ್ತಿ, ಮೊಬೈಲಿನಲ್ಲಿ ಎರಡು ಫೋಟೋ ತೆಗೆದ. ಗಂಡ ಗೋಡೆ ನೋಡುತ್ತ ಮಲಗಿದ್ದ. ಅಧಿಕಾರಿ ಬಾಗಿಲ ಚೌಕಟ್ಟಿಗೇ ಕಾಗದ ಒತ್ತಿ ಹಿಡಿದು ನಾಲ್ಕು ಸಾಲು ಬರೆದ. ಮೂರು ನಿಮಿಷ ಆಗಿರಬಹುದು.

ಹೊರಡುವಾಗ ಅವಳ ಕಡೆ ತಿರುಗಿದ. "ಕಟ್ಕೊಂಡ ಗಂಡನ್ನ ಒಂಚೂರು ಸ್ವಚ್ಛವಾಗಿ ಇಟ್ಕೊಳ್ಬಾರ್ದೇನಮ್ಮ? ಪ್ರಾಣಿನಾದ್ರೂ ಹೀಗೆ ಇಟ್ಕೊಳ್ಳಲ್ಲ."

ಅವಳ ನಾಲಿಗೆಯ ತುದಿಗೆ ಎರಡು ವರ್ಷ ಬಂದು ನಿಂತಿತು. ಮಾತಾಡಿದರೆ ಕೆಲಸ ಕೆಡುತ್ತದೆ ಎಂದು ವಕೀಲರು ಎಚ್ಚರಿಸಿದ್ದರು. ತಲೆ ತಗ್ಗಿಸಿ, "ಆಗಲಿ ಸ್ವಾಮಿ," ಎಂದಳು.

ಜೀಪು ತಿರುವು ದಾಟುವುದಕ್ಕೂ ಕಾಯದೆ ಅವಳು ಒಲೆ ಹೊತ್ತಿಸಿದಳು. ಹಾಸಿಗೆಯ ಬಟ್ಟೆಯನ್ನು ಒಗೆಯಲಿಲ್ಲ, ಹಿತ್ತಲಲ್ಲಿ ಸುಟ್ಟಳು. ಬಿಸಿನೀರು, ಸೋಪು, ಬೇವಿನ ನೀರು; ಕತ್ತಿನಿಂದ ಶುರುಮಾಡಿ ಒರೆಸುತ್ತ ಬಂದು, ಅವನನ್ನು ಬೋರಲು ಮಾಡಿದಾಗ ಕೈ ನಿಂತಿತು. ಸೊಂಟದ ಮೂಳೆಯ ಮೇಲೆ ಅಂಗೈಯಗಲ ಚರ್ಮ, ನೆನೆದ ಕಾಗದದಂತೆ ಬಟ್ಟೆಗೆ ಅಂಟಿಕೊಂಡು ಬಂತು. ಅದರಡಿ ಕೆಂಪು ಮಾಂಸ.

"ಯಾಕೆ ನಿಲ್ಲಿಸ್ದೆ?" ಎಂದ ಅವನು, ದಿಂಬಿಗೆ ಮುಖವಿಟ್ಟೇ.

"ನೀರು ಬಿಸಿ ಇತ್ತು."

"ನಂಗೇನು ಗೊತ್ತಾಗುತ್ತೆ, ಹುಯ್ಯಿ."

ನರ್ಸಮ್ಮ ಬಂದು ನೋಡಿ ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಂಥ ಹುಣ್ಣು ಮಾಗಲು ಆರು ತಿಂಗಳಾಗಬಹುದು, ಕೆಲವು ಮಾಗುವುದೇ ಇಲ್ಲ ಎಂದಷ್ಟೇ ಹೇಳಿ, ಔಷಧಿಯ ಚೀಟಿ ಬರೆದು ಹೋದಳು.

ಒಂದೂವರೆ ತಿಂಗಳಿಗೆ ಆದೇಶ ಬಂತು. ಮೊದಲ ಹಣ ಬಂದ ವಾರ ವಕೀಲರೇ ಬೈಕಿನಲ್ಲಿ ಬಂದರು. ಅವಳು ಬೆಳಗಿನ ಡ್ರೆಸಿಂಗ್ ಮಾಡುತ್ತಿದ್ದಳು. ಕೀವಿನ ಹತ್ತಿಯನ್ನು ಕಾಗದದಲ್ಲಿ ಸುತ್ತಿ, ಕೈ ತೊಳೆದು ಹೊರಗೆ ಬಂದಳು. ಕೂರಿ ಎನ್ನಲಿಲ್ಲ.

"ನೋಡಿದ್ರಾ, ನಾನು ಹೇಳಿದಂಗೇ ಆಯ್ತು," ಎಂದರು ವಕೀಲರು. ಅವರ ಸಂತೋಷ ನಿಜವಾದದ್ದೇ. "ನಿಮ್ಮ ಕಡೆ ಇನ್ನಾರಾದ್ರೂ ಇದ್ರೆ ಕಳಿಸಿ. ಹೆಂಗೆ ಮಾಡ್ಬೇಕು ಅಂತ ನೀವೇ ಹೇಳ್ಕೊಡಬಹುದು ಈಗ."

ಅವಳು ಬ್ಯಾಂಕಿನಿಂದ ತಂದಿದ್ದ ಹಣವನ್ನು ಬಿಚ್ಚದೆ ಹಾಗೇ ಅವರ ಕೈಗಿಟ್ಟಳು. ವಕೀಲರು ಒಳಗೊಮ್ಮೆ ಇಣುಕಿದರು. ಹತ್ತಿ, ಔಷಧಿಯ ಸೀಸೆ, ಬೋರಲಾಗಿ ಮಲಗಿದ ಬೆನ್ನು ಕಂಡವು. ಮುಖ ಹಿಂದಕ್ಕೆ ತೆಗೆದುಕೊಂಡು, ಕಂತೆಯಿಂದ ಎರಡು ನೋಟು ಎಳೆದರು.

"ಇದನ್ನ ಇಟ್ಕೊಳ್ಳಿ. ಗಾಯಕ್ಕೆ ಆಗುತ್ತೆ."

"ನಿಮ್ದು ನೀವು ತಗೊಂಡು ಹೋಗಿ," ಎಂದಳು ಅವಳು. "ಗಾಯ ಮಾಡಿದ್ದು ನಾನು. ಅದು ನನ್ನ ಬಾಕಿ."

ವಕೀಲರು ನೋಟು ಹಿಡಿದ ಕೈಯನ್ನು ಸ್ವಲ್ಪ ಹೊತ್ತು ಚಾಚಿಕೊಂಡೇ ಇದ್ದರು. ಆಮೇಲೆ ಕೋಟಿನ ಜೇಬಿಗೆ ಹಾಕಿಕೊಂಡು, ಬರುತ್ತೀನಮ್ಮ ಎಂದು ಬೈಕು ಹತ್ತಿದರು.

ಒಳಗಿನಿಂದ ಗಂಡ ಕೇಳಿದ: "ಎಷ್ಟು ಕೊಟ್ಟೆ?"

"ಎಲ್ಲಾ."

"ಒಳ್ಳೇದಾಯ್ತು. ಮುಂದಿನ ತಿಂಗಳದು ನಮ್ದು."

ಅವಳು ಒಳಗೆ ಬಂದು ಹೊಸ ಹತ್ತಿ ಬಿಚ್ಚಿ, ಅವನ ಬೆನ್ನ ಮೇಲೆ ಬಾಗಿದಳು.