ಗ್ರಹಚಾರದ ಚೀಟಿ

ನಾನು ಒಂದು ರಟ್ಟಿನ ಚೀಟಿ. ಹೊಸ ಅಂಗಿಯ ಮಡಿಕೆಯೊಳಗಿನ ರಟ್ಟಾಗಿ ಹಾಯಾಗಿ ಮಲಗಿದ್ದವನನ್ನು ವಸುಮತಿ ಕತ್ತರಿಸಿದಳು. ಒಂದು ಮಗ್ಗುಲಿಗೆ ಜಪಾನಿಯಲ್ಲಿ ‘ಉನ್ ಗಾ ವಾರುಯಿ’ ಎಂದೂ ಇನ್ನೊಂದಕ್ಕೆ ‘ಗ್ರಹಚಾರ ಕೆಟ್ಟಿದೆ’ ಎಂದೂ ಬರೆದು, ತೂತು ಹೊಡೆದು ಸ್ಟೀಲ್ ರಿಂಗಿಗೆ ಪೋಣಿಸಿದಳು. ಅಂದಿನಿಂದ ಜಪಾನಿ ಭಾಷೆಯ ಇನ್ನೂರು ಮಾತುಗಳ ನಡುವೆ ನನ್ನ ಸೆರೆವಾಸ. ಹಿಂದೆ ‘ಎಡವಟ್ಟಾಯಿತು’, ಮುಂದೆ ‘ಅಪಶಕುನ’, ಉಸಿರಾಡಲೂ ಜಾಗವಿಲ್ಲ.

ವಸುಮತಿ ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ದುಭಾಷಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಸ್ಸಿನಲ್ಲಿ ನನ್ನನ್ನು ತಿರುವಿ ತಿರುವಿ ಉರು ಹೊಡೆಯುತ್ತಿದ್ದಳು. ಇವಳ ಬಾಯಿಂದ ಯಾವಾಗ ಹೊರಬಿದ್ದೇನು ಎಂದು ನಾನು ಹಪಹಪಿಸುತ್ತಿದ್ದೆ.

ಆ ದಿನವೂ ಬಂತು. ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಗಂಗಹನುಮಯ್ಯನ ಎರಡು ಬೆರಳು ಹೋಗಿದ್ದವು. ಬ್ಯಾಂಡೇಜು ಸುತ್ತಿಕೊಂಡು ಬಂದವನನ್ನು ಜಪಾನಿನ ಮ್ಯಾನೇಜರ್ ಮೊರಿಯಾಮ ವಿಚಾರಿಸಿದರು. ಯಾವ ಅವಘಡವಾದರೂ ‘ಯಾಕೆ’ ಎಂದು ಐದು ಸಲ ಕೇಳುವುದು ಅವರ ಪದ್ಧತಿ. ಕೆಲಸ ಬೇಗ ಸಾಗಲೆಂದು ಕೈ ಒಳಗೆ ಹೋಗದಂತೆ ತಡೆಯುವ ಎಲ್ಲ ಮೆಷಿನ್ನುಗಳ ಕಾವಲು ಗೇಟನ್ನೂ ಹಿಂದಿನಿಂದ ತಂತಿ ಬಿಗಿದು ತೆರೆದೇ ಇಟ್ಟಿದ್ದರು. ತಂತಿ ಕಟ್ಟಿಸಿದ ಸೂಪರ್‌ವೈಸರ್ ಅಲ್ಲೇ ನಿಂತಿದ್ದ. ವಸುಮತಿಗೂ ಅದು ಗೊತ್ತಿತ್ತು.

“ನನ್ ಗ್ರಾಚಾರ ಕಣವ್ವ,” ಎಂದ ಗಂಗಹನುಮಯ್ಯ.

ವಸುಮತಿ ನನ್ನನ್ನು ತೊದಲದೆ ಹೇಳಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಅದೃಷ್ಟವೆಂಬುದು ಕಾರಣವಲ್ಲ, ಮತ್ತೆ ಕೇಳಿ ಎಂದರು ಮೊರಿಯಾಮ. ಎರಡನೇ ಸಲವೂ ಗ್ರಾಚಾರ. ಮೂರನೇ ಸಲವೂ ಅದೇ, ಅವನ ಕಣ್ಣು ಮಾತ್ರ ಸೂಪರ್‌ವೈಸರನ ಮೇಲೆ. ನಾಲ್ಕನೇ ಸಲ ಹೊರಬೀಳುವಾಗ ನನಗೇ ನಾಚಿಕೆಯಾಯಿತು. ಐದನೆಯದೂ ಇದೇ ಆದರೆ ಅವಘಡದ ವರದಿಯಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದು, ಮಧ್ಯಾಹ್ನ ಅದೇ ಮೆಷಿನ್ನಿಗೆ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ.

ಐದನೇ ಸಲವೂ ಆತ ಗ್ರಾಚಾರವೆಂದೇ ಅಂದ. ವಸುಮತಿ ನನ್ನನ್ನು ನುಂಗಿಕೊಂಡಳು. ಗೇಟುಗಳ ಹಿಂದೆ ತಂತಿ ಕಟ್ಟಿದೆ ಎಂದು ಜಪಾನಿಯಲ್ಲಿ ಹೇಳಿಬಿಟ್ಟಳು. ಸೂಪರ್‌ವೈಸರನಿಗೆ ಒಂದಕ್ಷರವೂ ತಿಳಿಯಲಿಲ್ಲ. ಮೊರಿಯಾಮ ಎದ್ದು ಕೆಳಗಿಳಿದು ಹೋಗಿ ಗೇಟುಗಳ ಹಿಂದೆ ಕೈಯಾಡಿಸಿದರು.

ತಂತಿಗಳನ್ನೆಲ್ಲ ಕತ್ತರಿಸಿ ಹಾಕಿದರು. ತಿಂಗಳ ಕೊನೆಗೆ ವಸುಮತಿಯ ಕೆಲಸವೂ ಹೋಯಿತು. ಆಡದ ಮಾತನ್ನು ಆಡಿದಂತೆ ಹೇಳುವ ದುಭಾಷಿ ಆಫೀಸಿನವರಿಗೆ ಬೇಡವಂತೆ. ಹೊಸಬನಿಗಾದರೂ ಇರಲಿ ಎಂದು ಅವಳು ನಮ್ಮನ್ನು ಮೇಜಿನ ಮೇಲಿಡುವಾಗ ಗಂಗಹನುಮಯ್ಯ ಬಂದ.

“ನನ್ ಗ್ರಾಚಾರ ನಿಂಗೂ ಸುತ್ಕಂತಲ್ಲವ್ವ.”

“ಗ್ರಾಚಾರ ಅಲ್ಲ ಕಣಣ್ಣ, ತಂತಿ,” ಎಂದಳು ವಸುಮತಿ.

ಈಗ ಡ್ರಾಯರಿನಲ್ಲಿದ್ದೇನೆ. ಅಂಚೆಲ್ಲ ಸವೆದಿದೆ. ಹೊಸ ದುಭಾಷಿ ದಿನಾ ಬೆಳಿಗ್ಗೆ ನನ್ನನ್ನು ತೆಗೆದು ಉರು ಹೊಡೆಯುತ್ತಾನೆ. ಕಲಿಯಲಿ ಪಾಪ, ಅದು ಅವನ ಹೊಟ್ಟೆಪಾಡು. ಬೆರಳು ಹೋದವನ ಎದುರು ಮಾತ್ರ ನನ್ನನ್ನು ಆಡಬೇಡಪ್ಪ ಎಂದು ಹೇಳಲು ನನಗೆ ಬಾಯಿಲ್ಲ.